ಗೋದಲಿಯಲ್ಲಿ ಎಷ್ಟು ಹಾಕಬೇಕು?

ಫರೋಹನು ಕಂಡ ಕನಸಿನ ಸಂಗತಿಯು ನಮ್ಮ ಸಭೆಗಳ ಚಿಕ್ಕ ಮಕ್ಕಳಿಗೂ ಗೊತ್ತುಂಟು. ಏಳು ಬಡ ಆಕಳುಗಳು ನದಿಯಿಂದ ಏರಿಬಂದು ಏಳು ಕೊಬ್ಬಿದ ಆಕಳುಗಳನ್ನು ತಿಂದುಬಿಟ್ಟವು. ಆದಾಗ್ಯೂ ತಿಂದ ಗುರುತು ಅವುಗಳ ಮೈಮೇಲೆ ಕಾಣಲಿಲ್ಲವೆಂದು ಆದಿಕಾಂಡದ 41ನೆಯ ಅಧ್ಯಾಯದ 21ನೆಯ ವಚನದಿಂದ ತಿಳಿಯುತ್ತದೆ. ಉಪದೇಶಿಗಳು ಇದನ್ನು ಬರಗಾಲದ ಸೂಚನೆಯೆಂದು ವಿವರಿಸುತ್ತಾರೆ, ಅದು ಸರಿಯೇ. ಆದರೆ ಮನೆಯಲ್ಲಿ ದನ ಕಟ್ಟಿದವನು ಈ ವಚನವನ್ನು ಓದುವಾಗ ತನ್ನ ಕೊಟ್ಟಿಗೆಯನ್ನೇ ನೆನಸಿಕೊಳ್ಳುವನು. ಸೈದಾಪುರದ ಸೀಮೆಯಲ್ಲಿ ಹೋಳಿ ಹುಣ್ಣಿಮೆ ಕಳೆದ ಮೇಲೆ ಯಾವ ಹಳ್ಳಿಗೆ ಹೋದರೂ ನಾವು ಇಂಥ ಆಕಳುಗಳನ್ನು ನೋಡುತ್ತೇವೆ. ಅವು ಹಗಲೆಲ್ಲಾ ಮೇಯುತ್ತವೆ, ರಾತ್ರಿ ಮೆಲಕು ಹಾಕುತ್ತವೆ, ಗೋದಲಿಯನ್ನು ನೆಕ್ಕಿ ಬರಿದು ಮಾಡುತ್ತವೆ. ಆದರೂ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದು. ಮೇವು ಹಾಕಿದೆವು, ದನವು ತಿಂದಿತು, ಹಾಗಾದರೆ ತಿಂದದ್ದು ಎಲ್ಲಿಗೆ ಹೋಯಿತು? ಈ ತಿಂಗಳ ಪಾಠವು ಇದರ ವಿಷಯವಾಗಿದೆ.

ಮೊದಲು ದನದ ಹೊಟ್ಟೆಯನ್ನು ತಿಳಿಯತಕ್ಕದ್ದು. ದೇವರು ಮೆಲಕು ಹಾಕುವ ಪ್ರಾಣಿಗೆ ನಾಲ್ಕು ಭಾಗಗಳುಳ್ಳ ಹೊಟ್ಟೆಯನ್ನು ಕೊಟ್ಟಿದ್ದಾನೆ. ಅದರಲ್ಲಿ ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ದೊಡ್ಡ ಆಕಳಲ್ಲಿ ಇದು ನೂರು ಲೀಟರಿಗಿಂತ ಹೆಚ್ಚು ಹಿಡಿಯುವದು. ಇದನ್ನು ಚೀಲವೆಂದು ಅನ್ನುವದಕ್ಕಿಂತ ಹಿಟ್ಟು ಹುಳಿಯಿಡುವ ಗಡಿಗೆ ಎಂದು ಅನ್ನುವದು ಹೆಚ್ಚು ಸರಿ. ಯಾಕಂದರೆ ಅದರೊಳಗೆ ಕಣ್ಣಿಗೆ ಕಾಣದ ಲೆಕ್ಕವಿಲ್ಲದ ಸೂಕ್ಷ್ಮಜೀವಿಗಳು ವಾಸವಾಗಿವೆ. ಮನುಷ್ಯನ ಹೊಟ್ಟೆಯು ಜೋಳದ ದಂಟನ್ನು ಕರಗಿಸಲಾರದು. ಆಕಳ ಹೊಟ್ಟೆಯೂ ತಾನಾಗಿ ಕರಗಿಸಲಾರದು. ಕರಗಿಸುವ ಕೆಲಸವನ್ನು ಈ ಜೀವಿಗಳು ಮಾಡುತ್ತವೆ. ಅವು ದಂಟಿನ ನಾರನ್ನು ಹುಳಿಯಿಸಿ ಆಕಳಿಗೆ ಶಕ್ತಿಯನ್ನು ಒದಗಿಸುತ್ತವೆ. ತರುವಾಯ ತಾವೇ ಮುಂದಿನ ಹೊಟ್ಟೆಗೆ ಇಳಿದು ಅಲ್ಲಿ ಜೀರ್ಣವಾಗಿ ಆಕಳಿಗೆ ಮಾಂಸ ಕಟ್ಟುವ ಸತ್ವವಾಗುತ್ತವೆ. ಆದಕಾರಣ ಗೋದಲಿಯಲ್ಲಿ ಮೇವು ಹಾಕುವವನು ಆಕಳಿಗೆ ಮಾತ್ರವಲ್ಲ, ಅದರ ಹೊಟ್ಟೆಯೊಳಗಿನ ಈ ಕೂಲಿಯಾಳುಗಳಿಗೂ ಊಟ ಬಡಿಸುತ್ತಾನೆ. ಇದನ್ನು ಮರೆತವನಿಗೆ ಮುಂದಿನ ಯಾವ ಲೆಕ್ಕವೂ ಸರಿಯಾಗಿ ಹೊಂದುವದಿಲ್ಲ.

ಈಗ ಅಳತೆಗೆ ಬರೋಣ. ನಮ್ಮ ನಾಡ ಆಕಳು ಒಂದು ದಿನಕ್ಕೆ ತನ್ನ ಮೈತೂಕದ ನೂರರಲ್ಲಿ ಎರಡರಿಂದ ಎರಡೂವರೆ ಪಾಲಿನಷ್ಟು ಒಣ ಪದಾರ್ಥವನ್ನು ತಿನ್ನಬಲ್ಲದು. ಎಮ್ಮೆಯೂ ಮಿಶ್ರತಳಿಯ ಆಕಳೂ ಎರಡೂವರೆಯಿಂದ ಮೂರು ಪಾಲಿನ ವರೆಗೆ ತಿನ್ನುತ್ತವೆ. ಒಣ ಪದಾರ್ಥವೆಂದರೆ ಮೇವಿನಲ್ಲಿರುವ ನೀರನ್ನು ಬಿಟ್ಟು ಉಳಿದದ್ದು. ಒಣಗಿದ ಕಣಿಕೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಇದೇ ಇರುತ್ತದೆ. ಹಸಿಹುಲ್ಲಿನಲ್ಲಿಯಾದರೋ ಇಪ್ಪತ್ತು ಇಪ್ಪತ್ತೈದು ಪಾಲು ಮಾತ್ರ. ಹಾಗಾದರೆ 300 ಕಿಲೋ ತೂಕದ ಆಕಳು ಒಳ್ಳೇ ಮೇವು ಸಿಕ್ಕಾಗ ಆರರಿಂದ ಏಳೂವರೆ ಕಿಲೋ ಒಣ ಪದಾರ್ಥವನ್ನು ತಿನ್ನುವದು. ಬರೀ ಕಣಿಕೆಯನ್ನೇ ಹಾಕಿದರೆ ಅಷ್ಟು ತಿನ್ನಲಾರದು. ನಾಲ್ಕೈದು ಕಿಲೋಕ್ಕೆ ಬಾಯಿ ನಿಲ್ಲಿಸುವದುಂಟು. ಹಸಿವು ತೀರಿದ್ದರಿಂದ ಅದು ನಿಲ್ಲಿಸಿತೆಂದು ನಾವು ಎಣಿಸುತ್ತೇವೆ. ನಿಜವಾಗಿ ಹೊಟ್ಟೆಯಲ್ಲಿ ಸ್ಥಳವಿಲ್ಲದೆ ನಿಲ್ಲಿಸಿತು. ಒರಟಾದ ಮೇವು ಎರಡು ಮೂರು ದಿನ ಒಳಗೆ ನಿಲ್ಲುತ್ತದೆ; ಅದು ಕರಗಿ ಚೂರಾಗಿ ಕೆಳಗೆ ಇಳಿಯುವ ತನಕ ಹೊಸದಕ್ಕೆ ಎಡೆಯಿಲ್ಲ. ಹೊಟ್ಟೆ ತುಂಬಿಯೂ ಹಸಿದಿರುವದು ಎಂಬ ಸ್ಥಿತಿಯು ಮನುಷ್ಯರಲ್ಲಿ ಅಪರೂಪ. ದನಗಳಲ್ಲಿ ಬೇಸಿಗೆಯ ನಿತ್ಯ ಸಂಗತಿ.

ಇನ್ನು ಆ ತಿಂದದ್ದರ ಲೆಕ್ಕ. ಪ್ರತಿ ಜೀವಿಯೂ ಮೊದಲು ತನ್ನ ಪ್ರಾಣಕ್ಕೆ ಕಂದಾಯ ಕಟ್ಟಬೇಕು. ಉಸಿರಾಡುವದಕ್ಕೂ ರಕ್ತ ಹರಿಯುವದಕ್ಕೂ ಮೈ ಬೆಚ್ಚಗಿರುವದಕ್ಕೂ ನಿಲ್ಲುವದಕ್ಕೂ ನಡೆಯುವದಕ್ಕೂ ಬೇಕಾದ ಈ ಪಾಲನ್ನು ನಾವು ಜೀವಧಾರಣೆಯ ಪಾಲೆಂದು ಕರೆಯೋಣ. 300 ಕಿಲೋ ತೂಕದ ಆಕಳಿಗೆ ಇದು ದಿನಕ್ಕೆ ಸುಮಾರು ಎರಡೂಕಾಲರಿಂದ ಎರಡೂವರೆ ಕಿಲೋ ಜೀರ್ಣವಾಗುವ ಸತ್ವ. ಜೋಳದ ಕಣಿಕೆಯ ಒಣ ಪದಾರ್ಥದಲ್ಲಿ ಜೀರ್ಣವಾಗುವದು ಸುಮಾರು ಅರ್ಧ. ಹೀಗಿರಲಾಗಿ ಐದು ಕಿಲೋ ಕಣಿಕೆ ತಿಂದ ಆಕಳು ತನ್ನ ಪ್ರಾಣದ ಕಂದಾಯವನ್ನು ಕಷ್ಟದಿಂದ ಕಟ್ಟಿ ಮುಗಿಸುತ್ತದೆ. ಕೈಯಲ್ಲಿ ಏನೂ ಉಳಿಯಲಿಲ್ಲ. ಹಾಲೂ ಇಲ್ಲ, ಕರುವಿಗೆ ಬೆಳವಣಿಗೆಯೂ ಇಲ್ಲ, ಮೈಗೆ ತೂಕವೂ ಇಲ್ಲ. ಅದಕ್ಕಿಂತ ಕಡಿಮೆ ಸಿಕ್ಕಿದರೆ ಆಕಳು ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ತಾನೇ ತಿನ್ನಲಾರಂಭಿಸುತ್ತದೆ. ಎತ್ತಿನ ಸಂಗತಿಯು ಇನ್ನೂ ಬಿಗಿಯಾದದ್ದು; ದಿನವೆಲ್ಲಾ ನೊಗಕ್ಕೆ ಕಟ್ಟಿದರೆ ಸುಮ್ಮನೆ ನಿಂತ ದಿನದ ಸುಮಾರು ಒಂದೂವರೆ ಪಟ್ಟು ಬೇಕಾಗುವದು.

ಒಂದು ಮನೆಯ ಲೆಕ್ಕವನ್ನು ಮಾಡಿ ನೋಡೋಣ. ಬಣವೆಯಲ್ಲಿ 2,400 ಕಿಲೋ ಕಣಿಕೆಯುಂಟು, ಕಾಯಬೇಕಾದ ದಿನಗಳು 120, ಕಟ್ಟಿದ ದನಗಳು ನಾಲ್ಕು ಎಂದು ಇಟ್ಟುಕೊಳ್ಳಿರಿ. ದಿನಕ್ಕೆ 20 ಕಿಲೋ. ಒಂದೊಂದಕ್ಕೆ ಐದು ಕಿಲೋ. ನಾಲ್ಕೂ ಬದುಕುತ್ತವೆ, ನಾಲ್ಕರಿಂದಲೂ ಏನೂ ಬರುವದಿಲ್ಲ. ಬಣವೆಯೆಲ್ಲಾ ಕಂದಾಯಕ್ಕೇ ಹೋಯಿತು. ಅದೇ ಬಣವೆಯನ್ನು ಮೂರಕ್ಕೆ ಹಂಚಿದರೆ ಒಂದೊಂದಕ್ಕೆ ಆರೂವರೆ ಕಿಲೋಕ್ಕಿಂತ ಹೆಚ್ಚು ಬರುತ್ತದೆ. ಕಂದಾಯ ಕಳೆದು ದಿನಕ್ಕೆ ಐದು ಕಿಲೋ ಕಣಿಕೆಯ ಸತ್ವವು ಉಳಿಯುವದು. ಆಕಳ ಒಂದು ಲೀಟರು ಹಾಲಿಗೆ ಜೀರ್ಣವಾಗುವ ಸತ್ವವು ಸುಮಾರು ಮೂರನೆಯ ಒಂದು ಕಿಲೋ ಬೇಕು. ಹಿಂಡಿಯನ್ನೂ ಸೇರಿಸಿ ಕೊಟ್ಟರೆ ಈ ಉಳಿಕೆಯಲ್ಲಿ ಐದಾರು ಲೀಟರು ಹಾಲಿಗೆ ಬೇಕಾದ ಶಕ್ತಿ ಅಡಗಿದೆ. ಇದು ಕಾಗದದ ಮೇಲಿನ ಲೆಕ್ಕವೆಂದು ಒಪ್ಪುತ್ತೇವೆ. ಕೊಟ್ಟಿಗೆಯಲ್ಲಿ ಇಷ್ಟು ನೇರವಾಗಿ ಬರುವದಿಲ್ಲ. ಆದರೂ ನಾಲ್ಕರಿಂದ ಸೊನ್ನೆ, ಮೂರರಿಂದ ಏನಾದರೂ ಉಂಟು ಎಂಬ ಮಾತು ಸುಳ್ಳಾಗುವದಿಲ್ಲ. ಲಾರ್ಡ್ ಲಿನ್‌ಲಿತ್‌ಗೋ ಎಂಬವರ ಅಧ್ಯಕ್ಷತೆಯಲ್ಲಿ ಹಿಂದುಸ್ತಾನದ ಬೇಸಾಯವನ್ನು ವಿಚಾರಿಸಿದ ರಾಯಲ್ ಕಮಿಶನ್ನು 1928ರಲ್ಲಿ ಕೊಟ್ಟ ವರದಿಯಲ್ಲಿ ಈ ಸುಳಿಯನ್ನು ಚೆನ್ನಾಗಿ ತೋರಿಸಿತು. ಹೇಗಂದರೆ, ಮೇವು ಸಾಲದ ಊರಲ್ಲಿ ದನ ಬಡವಾಗುತ್ತದೆ. ಬಡ ದನದ ಕೆಲಸ ಸಾಲದೆ ರೈತನು ಇನ್ನೆರಡು ದನ ಕಟ್ಟುತ್ತಾನೆ. ಅದರಿಂದ ಮೇವು ಇನ್ನೂ ಸಾಲದೆ ಹೋಗುತ್ತದೆ.

ನಾಲ್ಕನೆಯ ದನವನ್ನು ಏನು ಮಾಡೋಣವೆಂದು ಕೇಳುವಿರಿ. ಇದಕ್ಕೆ ಸುಲಭವಾದ ಉತ್ತರ ನಮ್ಮಲ್ಲಿಲ್ಲ. ಮುದಿ ಎತ್ತನ್ನು ಕೊಳ್ಳುವವರು ಈಗ ಬಹಳ ಕಡಿಮೆ. ಹದಿನೈದು ವರುಷ ನಮ್ಮ ಹೊಲವನ್ನು ಉತ್ತದ್ದನ್ನು ಹಸಿವಿನಿಂದ ಸಾಯಬಿಡುವದು ನೀತಿವಂತನ ಕೆಲಸವಲ್ಲವೆಂಬದನ್ನು ಜ್ಞಾನೋಕ್ತಿಗಳ 12ನೆಯ ಅಧ್ಯಾಯದ 10ನೆಯ ವಚನದಿಂದ ಯಾರೂ ತಿಳಿಯಬಹುದು. ಅದಕ್ಕೆ ಜೀವಧಾರಣೆಯ ಪಾಲು ಸಲ್ಲತಕ್ಕದ್ದು. ಆದರೆ ಐದನೆಯದನ್ನು ಹೊಸದಾಗಿ ಕಟ್ಟುವ ಮುಂಚೆ, ಸಂತೆಯಲ್ಲಿ ಹಗ್ಗ ಹಿಡಿದು ನಿಂತಾಗ, ಬಣವೆಯನ್ನು ನೆನಸಿರಿ. ಮನೆಯಲ್ಲಿ ಹೆಚ್ಚು ದನವಿದ್ದರೆ ಹೆಚ್ಚು ಮರ್ಯಾದೆಯೆಂಬ ಮಾತು ಅಡವಿಯೂ ಗೋಮಾಳವೂ ವಿಶಾಲವಾಗಿದ್ದ ಕಾಲದ್ದು.

ಇಷ್ಟು ಹೇಳಿ ಬಿಟ್ಟರೆ ಪಾಠವು ಅರ್ಧವಾಗುವದು. ಯಾಕಂದರೆ ಬಣವೆ ದೊಡ್ಡದಾಗಿದ್ದ ಮನೆಯಲ್ಲಿಯೂ ದನ ಬಡವಾಗಿರುವದನ್ನು ನಾವು ನೋಡಿದ್ದೇವೆ. ಅದರ ಕಾರಣವು ಆ ಸೂಕ್ಷ್ಮಜೀವಿಗಳಲ್ಲಿದೆ. ಅವುಗಳಿಗೆ ನಾರಿನ ಸಂಗಡ ಸಾರಜನಕವೂ ಬೇಕು. ಬೇಳೆಯಲ್ಲಿಯೂ ಹಿಂಡಿಯಲ್ಲಿಯೂ ಹೇರಳವಾಗಿರುವ ಸಸಾರಜನಕ ಪದಾರ್ಥವೇ ಅದರ ಮೂಲ. ತಿನ್ನುವ ಮೇವಿನ ನೂರು ಪಾಲಿನಲ್ಲಿ ಇದು ಏಳು ಪಾಲಾದರೂ ಇಲ್ಲದಿದ್ದರೆ ಅವು ಸೊರಗುತ್ತವೆ, ದಂಟು ಕರಗದೆ ನಿಲ್ಲುತ್ತದೆ, ದಂಟು ನಿಂತದ್ದರಿಂದ ಆಕಳು ಹೆಚ್ಚು ತಿನ್ನಲಾರದು. ನಮ್ಮ ಜೋಳದ ಕಣಿಕೆಯಲ್ಲಿ ಈ ಪದಾರ್ಥವು ಮೂರು ನಾಲ್ಕು ಪಾಲು ಮಾತ್ರ. ಶಹಾಪುರ ಸುರಪುರಗಳ ಕಡೆ ನಾರಾಯಣಪುರದ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಹುಲ್ಲಿನಲ್ಲಿಯೂ ಅಷ್ಟೇ. ಶೇಂಗಾ ಹಿಂಡಿಯಲ್ಲಿಯಾದರೋ ನಲವತ್ತು ಪಾಲಿಗಿಂತ ಹೆಚ್ಚು. ಆರು ಕಿಲೋ ಕಣಿಕೆಯ ಸಂಗಡ ಅರ್ಧ ಕಿಲೋ ಶೇಂಗಾ ಹಿಂಡಿಯನ್ನು ಕೊಟ್ಟರೆ ಒಟ್ಟು ಮೇವು ಆ ಏಳು ಪಾಲಿನ ಹತ್ತಿರಕ್ಕೆ ಬರುವದು. ಈ ಅರ್ಧ ಕಿಲೋದಲ್ಲಿರುವ ಸತ್ವಕ್ಕಿಂತ ಅದು ಕಣಿಕೆಯಿಂದ ಬಿಡಿಸಿಕೊಡುವ ಸತ್ವವು ದೊಡ್ಡದು. ಆಕಳು ಕಣಿಕೆಯನ್ನು ಹೆಚ್ಚು ತಿನ್ನುತ್ತದೆ, ತಿಂದದ್ದು ಹೆಚ್ಚು ಕರಗುತ್ತದೆ. ಹಿಂಡಿಗೆ ದುಡ್ಡಿಲ್ಲದವರು ಶೇಂಗಾ ಬಳ್ಳಿಯನ್ನೂ ತೊಗರಿಯ ಎಲೆಹೊಟ್ಟನ್ನೂ ಕಣದಲ್ಲಿ ಗಾಳಿಗೆ ಬಿಡದೆ ಕೂಡಿಸಿಡತಕ್ಕದ್ದು. ನಮ್ಮ ತೊಗರಿ ಸೀಮೆಯಲ್ಲಿ ಇಷ್ಟು ಹೊಟ್ಟು ಬೀಳುತ್ತಿರುವಾಗ ಅದನ್ನು ಸುಡುವವರನ್ನು ಕಂಡರೆ ನಮಗೆ ದುಃಖವಾಗುತ್ತದೆ. ಬೂಜು ಹಿಡಿದ ಹಿಂಡಿಯನ್ನು ಮಾತ್ರ ಅಗ್ಗವೆಂದು ತರಬೇಡಿರಿ. ಆ ಬೂಜಿನಲ್ಲಿ ವಿಷವುಂಟು, ಅದು ಹಾಲಿಗೂ ಇಳಿಯುತ್ತದೆ.

ಇನ್ನೊಂದು ಉಪಾಯವೂ ಉಂಟು. ಕತ್ತರಿಸಿದ ಕಣಿಕೆ ಅಥವಾ ಭತ್ತದ ಹುಲ್ಲು 100 ಕಿಲೋಕ್ಕೆ 4 ಕಿಲೋ ಯೂರಿಯಾ ಗೊಬ್ಬರವನ್ನು 50 ಲೀಟರು ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರು ಪದರಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಟ್ಟರೆ ಮೇವು ಮೆತ್ತಗಾಗಿ ಅದರ ಸಸಾರಜನಕವು ಸುಮಾರು ಎರಡು ಪಟ್ಟಾಗುತ್ತದೆ. ತೆರೆದ ಮೇಲೆ ಘಾಟು ಹೋಗುವ ತನಕ ಗಾಳಿಗೆ ಹರವಿ, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುವಿಗೆ ಇದನ್ನು ಕೊಡಕೂಡದು. ಯೂರಿಯಾವನ್ನು ನೇರವಾಗಿ ಗೋದಲಿಗಾಗಲಿ ಕಲಗಚ್ಚಿಗಾಗಲಿ ಹಾಕಿದರೆ ದನವು ಕೆಲವು ತಾಸಿನೊಳಗೆ ಸಾಯಬಹುದು. ಕರಗಿಸಿದ ಬಕೆಟ್ಟನ್ನು ದನದ ಬಾಯಿಗೆ ಸಿಗುವಲ್ಲಿ ಇಡುವದೂ ಅಷ್ಟೇ ಅಪಾಯ. ಮೊದಲನೆಯ ಸಾರಿ ಪಶುವೈದ್ಯರನ್ನು ಕೇಳಿಯೇ ಮಾಡಿರಿ.

ಇಲ್ಲಿಯ ವರೆಗೆ ಕಡಿಮೆಯ ಮಾತಾಯಿತು. ಹೆಚ್ಚಾದರೆ ಒಳ್ಳೇದೋ? ಒಂದು ಮಿತಿಯ ವರೆಗೆ ಒಳ್ಳೇದು. ತಿಂದದ್ದರಲ್ಲಿ ಎಷ್ಟು ಜೀರ್ಣವಾಯಿತೆಂದು ತಿಳಿಯಲು ವಿದ್ವಾಂಸರು ಮಾಡುವ ಕೆಲಸವು ಸರಳವಾದದ್ದು. ದನಕ್ಕೆ ಹಾಕಿದ ಮೇವನ್ನು ದಿನದಿನವೂ ತೂಗುತ್ತಾರೆ, ಉಳಿದದ್ದನ್ನು ತೂಗಿ ಕಳೆಯುತ್ತಾರೆ, ಹೆಂಡಿಯನ್ನೆಲ್ಲಾ ಕೂಡಿಸಿ ತೂಗಿ ಒಣಗಿಸಿ ಪರೀಕ್ಷಿಸುತ್ತಾರೆ. ಒಳಗೆ ಹೋದದ್ದರಲ್ಲಿ ಹೊರಗೆ ಬಂದದ್ದನ್ನು ಕಳೆದರೆ ಉಳಿಯುವದೇ ಜೀರ್ಣವಾದದ್ದು. ಜರ್ಮನಿಯ ಗ್ಯೋಟಿಂಗೆನ್ ಪಟ್ಟಣದ ಹತ್ತಿರ ವೇಂಡೆ ಎಂಬಲ್ಲಿ ಹೆನ್ನೆಬರ್ಗ್, ಸ್ಟೋಹ್ಮನ್ ಎಂಬವರು 1860ರ ದಶಕದಲ್ಲಿಯೇ ಇಂಥ ಪರೀಕ್ಷೆಗಳನ್ನು ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೂ 1995ರಲ್ಲಿ ಜಾನುವಾರುಗಳ ಆಹಾರದ ಸಂಶೋಧನೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆಯು ಸ್ಥಾಪಿತವಾಯಿತು. ಈ ತರದ ತೂಕಗಳಿಂದ ತಿಳಿದು ಬಂದದ್ದೇನಂದರೆ, ಜೀವಧಾರಣೆಯ ಅಳತೆಯಲ್ಲಿ ತಿನ್ನುವ ದನವು ತಿಂದದ್ದನ್ನು ಎಲ್ಲಕ್ಕಿಂತ ಚೆನ್ನಾಗಿ ಜೀರ್ಣಿಸಿಕೊಳ್ಳುತ್ತದೆ. ಅಳತೆ ಎರಡು ಪಟ್ಟು ಮೂರು ಪಟ್ಟು ಆದ ಹಾಗೆ ಮೇವು ಹೊಟ್ಟೆಯಿಂದ ಬೇಗ ಬೇಗ ಇಳಿದು ಹೋಗುತ್ತದೆ. ಸೂಕ್ಷ್ಮಜೀವಿಗಳಿಗೆ ಕೆಲಸ ಮುಗಿಸುವಷ್ಟು ವೇಳೆ ಸಿಗದೆ ನೂರರಲ್ಲಿ ಜೀರ್ಣವಾಗುವ ಪಾಲು ಕೆಲವು ಅಂಶ ಕಡಿಮೆಯಾಗುತ್ತದೆ. ಕಾಳು ಹೆಚ್ಚಾಗಿರುವ ಮೇವಿನಲ್ಲಿ ಪ್ರತಿ ಪಟ್ಟಿಗೆ ನಾಲ್ಕು ಪಾಲಿನಷ್ಟೂ ಕಡಿಮೆಯಾಗುವದುಂಟು.

ಇದನ್ನು ಕೇಳಿ, ಹಾಗಾದರೆ ಕಡಿಮೆ ಹಾಕುವದೇ ಲಾಭವೆಂದು ಯಾರೂ ತಪ್ಪು ತಿಳಿಯಬಾರದು. ನೂರರ ಪಾಲು ತುಸು ಇಳಿದರೂ ಒಟ್ಟು ಸತ್ವವು ಹೆಚ್ಚೇ ಆಗುತ್ತದೆ. ಮೂರು ಕಿಲೋದಲ್ಲಿ ನೂರಕ್ಕೆ ಎಪ್ಪತ್ತು ಜೀರ್ಣವಾದರೆ ಎರಡು ಕಿಲೋ ನೂರು ಗ್ರಾಮು. ಆರು ಕಿಲೋದಲ್ಲಿ ನೂರಕ್ಕೆ ಅರುವತ್ತಾರು ಜೀರ್ಣವಾದರೆ ಸುಮಾರು ನಾಲ್ಕು ಕಿಲೋ. ನಮ್ಮ ನಾಡ ಆಕಳಿಗೆ ಈ ನಷ್ಟವು ಲೆಕ್ಕಕ್ಕೇ ಬರುವದಿಲ್ಲ, ಯಾಕಂದರೆ ಅದು ಎರಡು ಪಟ್ಟು ತಿಂದ ದಿನವನ್ನೇ ಕಂಡಿಲ್ಲ. ಸಾಲ ಮಾಡಿ ಮಿಶ್ರತಳಿಯ ಆಕಳನ್ನು ತಂದು, ಹತ್ತು ಹನ್ನೆರಡು ಲೀಟರು ಕರೆಯುವವರು ಇದನ್ನು ಗಮನಿಸತಕ್ಕದ್ದು. ಅಂಥ ಆಕಳಿಗೆ ದಿನದ ದಾಣಿಯನ್ನು ಒಂದೇ ಸಾರಿ ಸುರಿಯದೆ ಮೂರು ನಾಲ್ಕು ಸಾರಿ ಹಂಚಿ ಕೊಡಬೇಕು. ಕಾಳನ್ನು ಇಡಿಯಾಗಿ ಹಾಕದೆ ನುಚ್ಚು ಮಾಡಬೇಕು. ಹೆಂಡಿಯಲ್ಲಿ ಜೋಳದ ಕಾಳು ಇಡಿಯಾಗಿ ಕಂಡರೆ ಅಷ್ಟು ದುಡ್ಡು ತಿಪ್ಪೆಗೆ ಹೋಯಿತೆಂದು ತಿಳಿಯಿರಿ. ಆ ತಿಪ್ಪೆಯಲ್ಲಿ ಕೋಳಿಗಳು ಕೆದಕುವದನ್ನು ನೋಡಿದರೇ ಗೊತ್ತಾಗುವದು. ಜೀವಧಾರಣೆಗೆ ಒಂದರಿಂದ ಒಂದೂವರೆ ಕಿಲೋ ದಾಣಿ, ಅದರ ಮೇಲೆ ಆಕಳ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ, ಎಮ್ಮೆಯ ಪ್ರತಿ ಎರಡು ಲೀಟರಿಗೆ ಒಂದು ಕಿಲೋ ಎಂಬದು ಈಗಿನ ರೂಢಿಯ ಅಳತೆ.

ಒಮ್ಮೆಲೇ ಹೆಚ್ಚು ಕಾಳು ಅಥವಾ ಅನ್ನ ತಿನ್ನಿಸುವದು ಬೇರೆ ಸಂಗತಿ. ಅದು ನಷ್ಟವಲ್ಲ, ಕೊಲೆ. ನಮ್ಮ ಸಭೆಗಳಲ್ಲಿ ಸುಗ್ಗಿಯ ಹಬ್ಬಕ್ಕೂ ಮದುವೆಗೂ ಮಾಡಿದ ಅನ್ನವು ಉಳಿದಾಗ, ಪಾಪ ಮೂಕಪ್ರಾಣಿಯೂ ತಿನ್ನಲೆಂದು ಬುಟ್ಟಿಗಟ್ಟಲೆ ಮುಂದಿಡುತ್ತಾರೆ. ಕಣಿಕೆ ತಿಂದು ರೂಢಿಯಾದ ಹೊಟ್ಟೆಗೆ ಈ ಅನ್ನ ಬಿದ್ದ ಕೂಡಲೆ ಅದು ಮಿತಿಮೀರಿ ಹುಳಿಯುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ದನವು ಮೇವು ಬಿಟ್ಟು, ಮೆಲಕು ನಿಲ್ಲಿಸಿ, ಹುಳಿವಾಸನೆಯ ತೆಳ್ಳಗಿನ ಹೆಂಡಿ ಹಾಕಿ, ಮಾರನೆಯ ದಿನವೇ ನೆಲ ಹಿಡಿಯಬಹುದು. ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಗಬ್ಬದ ಎಮ್ಮೆಯೊಂದು ಹೀಗೆಯೇ ಹೋಯಿತು. ಅನ್ನ ಇಟ್ಟವಳು ಆ ಮನೆಯ ಅಜ್ಜಿ, ಇಟ್ಟದ್ದು ಕೇವಲ ಪ್ರೀತಿಯಿಂದ. ಯಾವ ಹೊಸ ಮೇವನ್ನಾದರೂ ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗತಕ್ಕದ್ದು. ಇಷ್ಟರಲ್ಲಿ ಒಳಗಿನ ಜೀವಿಗಳು ಹೊಸ ಊಟಕ್ಕೆ ಹೊಂದಿಕೊಳ್ಳುತ್ತವೆ.

ಕಣಿಕೆಯ ವಿಷಯವಾಗಿ ಇನ್ನೊಂದು ಮಾತುಂಟು. ಜೋಳದ ಎಲೆಯು ದಂಟಿಗಿಂತ ಚೆನ್ನಾಗಿ ಜೀರ್ಣವಾಗುತ್ತದೆ, ದನವೂ ಅದನ್ನೇ ಆರಿಸಿ ತಿನ್ನುತ್ತದೆ. ಧಾರಾಳವಾಗಿ ಹಾಕಿದರೆ ಎಲೆಯನ್ನು ತಿಂದು ದಂಟನ್ನು ಬಿಡುವದು. ಬಿಗಿಹಿಡಿದು ಹಾಕಿದರೆ ದಂಟನ್ನೂ ತಿಂದು, ಒಟ್ಟು ಸತ್ವ ಕಡಿಮೆ ಪಡೆಯುವದು. ಆದಕಾರಣ ಕರೆಯುವ ಆಕಳಿಗೆ ಮೊದಲು ಹಾಕಿ, ಅದು ಬಿಟ್ಟ ದಂಟನ್ನು ಒಂದೆರಡು ಅಂಗುಲ ಉದ್ದಕ್ಕೆ ಕತ್ತರಿಸಿ ನೀರು ಚಿಮುಕಿಸಿ ಸುಮ್ಮನೆ ನಿಂತ ಎತ್ತಿಗೆ ಕೊಡುವದು ಬುದ್ಧಿವಂತಿಕೆ. ಹೈದರಾಬಾದಿನ ಮೇವಿನ ಮಂಡಿಗಳಲ್ಲಿ ಹೆಚ್ಚು ಜೀರ್ಣವಾಗುವ ಕಣಿಕೆಗೆ ವ್ಯಾಪಾರಿಗಳು ಹೆಚ್ಚು ಬೆಲೆ ಕೊಡುತ್ತಾರೆಂಬದನ್ನು ಪಟಂಚೇರಿನ ಇಕ್ರಿಸ್ಯಾಟ್ ಸಂಸ್ಥೆಯ ಕಡೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಕಾಳಿನ ಇಳುವರಿಯನ್ನು ಮಾತ್ರ ನೋಡಿ ಬೀಜ ಆರಿಸುವ ನಮ್ಮವರು ಕಣಿಕೆಯನ್ನೂ ನೋಡತಕ್ಕದ್ದು.

ನೀರಿನ ಸಂಗತಿ ಚಿಕ್ಕದು, ಆದರೆ ಬಿಡಲಾಗದು. ಬೇಸಿಗೆಯಲ್ಲಿ ಒಣಮೇವು ತಿನ್ನುವ ಆಕಳಿಗೆ ದಿನಕ್ಕೆ ನಲವತ್ತು ಲೀಟರಿನ ಸುಮಾರು ನೀರು ಬೇಕು. ನೀರು ಕಡಿಮೆಯಾದರೆ ಮೇವು ತಾನಾಗಿ ಕಡಿಮೆಯಾಗುವದು. ಏಪ್ರಿಲ್ ಮೇ ತಿಂಗಳ ಉರಿಬಿಸಿಲಿನಲ್ಲಿ ದನಕ್ಕೆ ಹಸಿವೆ ಇಂಗುವದರಿಂದ ಮೇವಿನ ದೊಡ್ಡ ಪಾಲನ್ನು ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಹಾಕಿರಿ. ಸಬ್ಬತ್ ದಿನದಲ್ಲಿಯೂ ಎತ್ತನ್ನು ಬಿಚ್ಚಿ ನೀರಿಗೆ ಒಯ್ಯುವದುಂಟೆಂದು ಕರ್ತನೇ ಹೇಳಿದ್ದನ್ನು (ಲೂಕ 13:15) ಆದಿತ್ಯವಾರದ ಆರಾಧನೆಗೆ ಹೊರಡುವ ಅವಸರದಲ್ಲಿ ಮರೆಯಬೇಡಿರಿ.

ಮೇವು ಸಾಲದಿದ್ದಾಗ ಯಾವದಕ್ಕೆ ಮೊದಲು? ಈಯುವದಕ್ಕೆ ಎರಡು ಮೂರು ತಿಂಗಳಿರುವ ಗಬ್ಬದ ಆಕಳಿಗೆ ಮೊದಲು. ಆಗ ಒಳಗಿನ ಕರುವು ಬಹಳ ವೇಗವಾಗಿ ಬೆಳೆಯುತ್ತದೆ. ಆಮೇಲೆ ಕರೆಯುವದಕ್ಕೆ, ಅದರ ಸಂಗಡ ಹಾಲು ಬಿಟ್ಟ ಕರುವಿಗೆ. ಉಳುವ ಎತ್ತಿಗೆ ಮಳೆ ಬಿದ್ದ ದಿನ ಹಿಂಡಿ ಹಾಕಿದರೆ ಪ್ರಯೋಜನವಿಲ್ಲ. ರೋಹಿಣಿ ಮಳೆಗೆ ಒಂದು ತಿಂಗಳು ಮುಂಚಿತವಾಗಿಯೇ ದಿನಕ್ಕೆ ಒಂದು ಕಿಲೋದಂತೆ ಶುರುಮಾಡಿದರೆ ಅದು ಮೈಯಲ್ಲಿ ಬಲವಾಗಿ ಕೂಡುವದು.

ಮಾಗಿಯ ಜೋಳ ಕೊಯ್ದು ಬಣವೆ ಒಟ್ಟುವ ವಾರದಲ್ಲಿಯೇ ಲೆಕ್ಕ ಮಾಡಿಬಿಡಿರಿ. ಹತ್ತು ಸೂಡುಗಳನ್ನು ತಕ್ಕಡಿಯಲ್ಲಿ ತೂಗಿ ಒಂದರ ತೂಕವನ್ನು ತಿಳಿದುಕೊಳ್ಳಿರಿ. ಬಣವೆಯ ಸೂಡುಗಳನ್ನು ಒಟ್ಟುವಾಗಲೇ ಎಣಿಸಿ ಬಾಗಿಲ ಹಿಂದೆ ಬರೆದಿಡಿರಿ. ಮಳೆಯಿಂದ, ಗೆದ್ದಲಿನಿಂದ ಹಾಳಾಗುವದಕ್ಕೆ ಹತ್ತರಲ್ಲಿ ಒಂದು ಪಾಲನ್ನು ಕಳೆಯಿರಿ. ಉಳಿದದ್ದನ್ನು ಜುಲೈ ತಿಂಗಳಲ್ಲಿ ಹೊಸ ಹುಲ್ಲು ಬಾಯಿಗೆ ಸಿಗುವ ತನಕದ ದಿನಗಳಿಂದ ಭಾಗಿಸಿರಿ, ಬಂದದ್ದನ್ನು ದನಗಳ ಸಂಖ್ಯೆಯಿಂದ ಭಾಗಿಸಿರಿ. ಒಂದೊಂದಕ್ಕೆ ಐದು ಕಿಲೋಕ್ಕಿಂತ ಕಡಿಮೆ ಬಂದರೆ ಕೊಳ್ಳಬೇಕಾದದ್ದನ್ನು ಮಾರ್ಚಿ ತಿಂಗಳಲ್ಲಿಯೇ, ನೆರೆಯವರ ಕಣದಲ್ಲಿ ಇನ್ನೂ ಕಣಿಕೆ ಇರುವಾಗಲೇ ಕೊಂಡುಕೊಳ್ಳಿರಿ. ಇಬ್ಬರು ಮೂವರು ಕೂಡಿ ಒಂದು ಟ್ರ್ಯಾಕ್ಟರು ತರಿಸಿದರೆ ಬಾಡಿಗೆಯೂ ಹಂಚಿಹೋಗುವದು.